ಕೌದಿ ಹೊಲಿಯೋ ಮುಂಚೆ ಹೊಸ ಬಟ್ಟೆ ತೊಳಿಬೇಕಾ?

(ಇದು ಚಾನೆಲ್‌ನಲ್ಲಿ ಆಡಿದ ಮಾತಿನ ಬರಹ ರೂಪ. ವಿಡಿಯೋದಲ್ಲಿ ಅವಸರದಲ್ಲಿ ದಾಟಿಸಿಬಿಟ್ಟಿದ್ದ ಲೆಕ್ಕಗಳನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೀನಿ.)

ಐರೋಲಿಯಿಂದ ಮಾತಾಡ್ತಿದ್ದೀನಿ. ಈ ಚಾನೆಲ್‌ನಲ್ಲಿ ಇಷ್ಟು ದಿನ ಇಎಂಐ ಲೆಕ್ಕ, ಮಿಕ್ಸಿ ಮೋಟರ್, ಲಿಫ್ಟಿನ ಬ್ರೇಕ್ ಅಂತೆಲ್ಲ ಮಾತಾಡಿದ್ದಾಯ್ತು. ಇವತ್ತು ಕೌದಿ. ಹೌದು, ಹೊದ್ದುಕೊಳ್ಳೋ ಕೌದಿನೇ. ನಗಬೇಡಿ. ಎಂಟೆಕ್ ಮಾಡಿದವನಿಗೆ ಕೌದಿ ಯಾಕೆ ಅಂದ್ರೆ, ನಾನು ಒಂದು ಕೌದಿ ಹಾಳು ಮಾಡಿದ್ದೀನಿ. ಅದೂ ಅವ್ವ ನಲವತ್ತು ದಿನ ಕೂತು ಕೈಯಲ್ಲಿ ಹೊಲಿದ ಕೌದಿ. ಯಾಕೆ ಹಾಳಾಯ್ತು ಅಂತ ಹುಡುಕ್ತಾ ಹೋದಾಗ ಕಲಿತದ್ದನ್ನ ನಿಮ್ಮ ಮುಂದೆ ಇಡ್ತೀನಿ.

ಕೌದಿ ಗೊತ್ತಿಲ್ಲದವರಿಗೆ ಒಂದು ಮಾತು. ಹಳೇ ಸೀರೆ, ಧೋತರ, ಅಂಗಿಗಳನ್ನ ನಾಲ್ಕೈದು ಪದರ ಹಾಸಿ, ಮೇಲೆ ತುಂಡು ಬಟ್ಟೆಗಳ ಚಿತ್ತಾರ ಇಟ್ಟು, ಒತ್ತೊತ್ತಾಗಿ ಸಾಲು ಹೊಲಿಗೆ ಹಾಕಿದ ಹೊದಿಕೆ ಅದು. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಕಡೆ ಮನೆಮನೆಯಲ್ಲೂ ಇರುತ್ತೆ. ಇಲ್ಲಿ ಮಹಾರಾಷ್ಟ್ರದಲ್ಲಿ ಇದಕ್ಕೆ ಗೋಧಡಿ ಅಂತಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಹೆಂಗಸರ ಕೌದಿಗೆ ಇನ್ನೊಂದೇ ಸೊಗಸು. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸ್ತಾರೆ, ನಾಲ್ಕು ಮೂಲೆಗೆ 'ಫೂಲ' ಅಂತ ಮುಕ್ಕೋನೆ ತುಂಡು ಇಡ್ತಾರೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಅದರ ಬಗ್ಗೆ ಬರೆದು, ಆ ಕೌದಿಗಳನ್ನ ಹೊರದೇಶದಲ್ಲಿ ಪ್ರದರ್ಶನಕ್ಕೂ ಇಟ್ಟಿದ್ದಾರೆ.

ನಡೆದದ್ದೇನು

ಅವ್ವ ಇರೋದು ಬಾಗಲಕೋಟೆಯ ನವನಗರದಲ್ಲಿ. ಆಲಮಟ್ಟಿ ಹಿನ್ನೀರಿಗೆ ಹಳೇ ಊರು ಸಿಕ್ಕಮೇಲೆ ಕಟ್ಟಿದ ಊರು ಅದು. ಹೋದ ವರ್ಷ ಜುಲೈನಲ್ಲಿ ಗದಗ-ಮುಂಬೈ ರೈಲು ಹತ್ತಿ ಕಲ್ಯಾಣದಲ್ಲಿ ಇಳಿದಳು. ಕೈಯಲ್ಲಿ ಒಂದು ಗಂಟು. ಬಿಚ್ಚಿದ್ರೆ ಎರಡು ಹಳೇ ಇಳಕಲ್ ಸೀರೆ, ಅಮ್ಮನ, ಅಂದ್ರೆ ನಮ್ಮ ಅಜ್ಜಿಯ, ಇನ್ನೊಂದು ಸೀರೆ, ಮತ್ತೆ ಅಪ್ಪನ ಎರಡು ಧೋತರ. ಅಪ್ಪ ಹೋಗಿ ಆಗ ಮೂರು ವರ್ಷ ಆಗಿತ್ತು. ನನ್ನ ಮಗಳಿಗೆ ಎಂಟು ತಿಂಗಳು.

"ಅಜ್ಜನ್ನ ನೋಡ್ಲಿಲ್ಲ ಕೂಸು. ಅವನ ಧೋತರಾರ ಹೊದ್ಕೊಂಡು ಮಲಗ್ಲಿ" ಅಂದ್ಲು. ಕಣ್ಣಿನ ಪೊರೆ ಆಪರೇಷನ್ ಆಗಿದೆ, ಬೆರಳು ಮೊದಲಿನಂಗೆ ಮಡಚಲ್ಲ. "ಇದ ಕಡೇ ಕೌದಿ ನೋಡು ನಂದು" ಅಂತಾನೂ ಅಂದ್ಲು.

ನಾಲ್ಕು ದಿಕ್ಕಿಗೂ ಅಂಚು ಕಟ್ಟೋಕೆ, ಮೂಲೆಗೆ ಇಡೋಕೆ ಹೊಸ ಕೆಂಪು ಬಟ್ಟೆ ಬೇಕಾಗಿತ್ತು. ನಾನು ಶನಿವಾರ ಠಾಣೆಗೆ ಹೋಗಿ ಒಂದು ಅಂಗಡಿಯಿಂದ ಮೂರು ಮೀಟರ್ ಕೆಂಪು ಕಾಟನ್ ತಂದೆ. ಅಂಗಡಿಯವರು ಉಪ್ಪು ನೀರಲ್ಲಿ ಒಮ್ಮೆ ಅದ್ದಿ ತೆಗೆದ್ರೆ ಸಾಕು ಅಂದ್ರು. ಬಕೆಟ್‌ಗೆ ಒಂದು ಹಿಡಿ ಉಪ್ಪು ಹಾಕಿ ಹತ್ತು ನಿಮಿಷ ಅದ್ದಿದೆ. ನೀರು ನಸುಗೆಂಪು ಆಯ್ತು. ಹೋಗೋ ಬಣ್ಣ ಹೋಯ್ತು ಅಂದ್ಕೊಂಡು ಒಣಗಿಸಿಟ್ಟೆ.

ಸೋಮವಾರ ಬೆಳಿಗ್ಗೆ ನಾನು ಸ್ಟ್ಯಾಂಡ್‌ಅಪ್ ಕಾಲ್‌ನಲ್ಲಿದ್ದೆ. ಅವ್ವ ಬಾಗಿಲಲ್ಲಿ ನಿಂತು ಕೇಳಿದ್ಲು, "ಇದನ್ನ ಛಲೋತ್ನಾಗ ಒಗದೀ ಏನಪಾ?"

ನಾನು ಮ್ಯೂಟ್ ಒತ್ತಿ "ಹೂಂ ಅವ್ವ" ಅಂದೆ. ಒಗೆದಿರಲಿಲ್ಲ. ಅದ್ದಿದ್ದೆ, ಅಷ್ಟೆ. ಎರಡಕ್ಕೂ ಇರೋ ವ್ಯತ್ಯಾಸ ಆಮೇಲೆ ಗೊತ್ತಾಯ್ತು.

ಆಗಸ್ಟ್ ಕೊನೆಗೆ ಕೌದಿ ಮುಗೀತು. ಕೊನೇ ಹೊಲಿಗೆ ಹಾಕೋ ಮುಂಚೆ ಒಂದು ಚೂರು ಹೋಳಿಗೆ ಒಳಗಿಟ್ಟು ಹೊಲಿದ್ಲು. ಕೌದಿ ಹೊಟ್ಟೆ ಖಾಲಿ ಇರಬಾರದು ಅಂತ ನಮ್ಮನೆ ರೂಢಿ. ನಮ್ಮ ಕಡೆ ಮಾನಮಿ ಹಬ್ಬಕ್ಕೆ ಮುಂಚೆ ಹಾಸಿಗೆ ಹೊದಿಕೆ ಎಲ್ಲ ಒಗೆಯೋ ಪದ್ಧತಿ ಇದೆ. ಹಾಗಾಗಿ ಅದಕ್ಕೂ ಮೊದಲ ಒಗೆತ ಆಯ್ತು. ಮಷಿನ್‌ಗೆ ಹಾಕಿ 40 ಡಿಗ್ರಿ ಇಟ್ಟೆ. ಮಷಿನ್ ಮುಗಿದಾಗ ನನಗೆ ಒಂದು ಪ್ರೊಡಕ್ಷನ್ ಇಶ್ಯೂ. ಐದು ಗಂಟೆ ಹೊತ್ತು ಕೌದಿ ಡ್ರಮ್‌ನಲ್ಲೇ ಒದ್ದೆಯಾಗಿ ಮುದ್ದೆಯಾಗಿ ಬಿದ್ದಿತ್ತು.

ತೆಗೆದಾಗ ಎರಡು ಅನಾಹುತ ಕಂಡವು. ಅಪ್ಪನ ಧೋತರದ ಬಿಳಿ ಭಾಗ ಅಲ್ಲಲ್ಲಿ ಗುಲಾಬಿ ಆಗಿತ್ತು. ಸುತ್ತ ಅಂಚು ಎಳ್ಕೊಂಡು, ಕೌದಿ ನೆಲದ ಮೇಲೆ ಹಾಸಿದ್ರೆ ನಡುವೆ ಉಬ್ಬಿ ನಿಲ್ತಿತ್ತು, ಲಾಡಿ ಎಳೆದ ಸಂಚಿ ಥರ. ಮಾತು ಒಂದೇ ಆದ್ರೂ ಕಾರಣ ಬೇರೆ ಬೇರೆ. ಒಂದು ಬಣ್ಣದ್ದು, ಒಂದು ಕುಗ್ಗೋದು. ಒಂದೊಂದಾಗಿ ನೋಡೋಣ.

ಬಟ್ಟೆ ಯಾಕೆ ಕುಗ್ಗುತ್ತೆ

ನೀರಲ್ಲಿ ನೆನೆದ್ರೆ ಹತ್ತಿ ದಾರ ಗಿಡ್ಡ ಆಗುತ್ತೆ ಅಂತ ನಾನು ತಿಳ್ಕೊಂಡಿದ್ದೆ. ಅದು ಸರಿ ಅಲ್ಲ. ಹತ್ತಿ ಎಳೆ ನೀರು ಕುಡಿದಾಗ ಉದ್ದದಲ್ಲಿ ಹೆಚ್ಚೇನೂ ಬದಲಾಗಲ್ಲ. ದಪ್ಪ ಆಗುತ್ತೆ. ಕುಗ್ಗೋದು ನೇಯ್ಗೆ.

ಬಟ್ಟೆಯಲ್ಲಿ ಹಾಸಿನ ಎಳೆ, ಹೊಕ್ಕಿನ ಎಳೆ ಒಂದರ ಮೇಲೆ ಒಂದು, ಒಂದರ ಕೆಳಗೆ ಒಂದು ಹೋಗ್ತವೆ. ಅಂದ್ರೆ ಪ್ರತಿ ಎಳೆನೂ ಅಲೆ ಅಲೆಯಾಗಿ ಇರುತ್ತೆ. ಈಗ ಅಡ್ಡ ಬಂದ ಎಳೆ ದಪ್ಪ ಆಯ್ತು ಅಂದ್ಕೊಳ್ಳಿ. ಅದನ್ನ ಸುತ್ತಿ ಹೋಗೋಕೆ ಇನ್ನೊಂದು ಎಳೆಗೆ ಹೆಚ್ಚು ಉದ್ದ ಬೇಕು. ಅದು ಎಲ್ಲಿಂದ ಬರಬೇಕು? ಬಟ್ಟೆಯ ಉದ್ದದಿಂದ. ಐರೋಲಿ ಸ್ಟೇಷನ್‌ನಿಂದ ಆಫೀಸಿಗೆ ನೇರ ರಸ್ತೆಯಲ್ಲಿ ಹೋದ್ರೆ ಒಂದು ದೂರ, ದಾರಿಯಲ್ಲಿ ಮೂರು ಗುಂಡಿ ಸುತ್ತಿಕೊಂಡು ಹೋದ್ರೆ ಇನ್ನೊಂದು ದೂರ. ಕೈಯಲ್ಲಿ ಹಗ್ಗ ಇರೋದು ಅಷ್ಟೇ ಅಂದ್ರೆ, ಗುಂಡಿ ದೊಡ್ಡದಾದಷ್ಟೂ ಹಗ್ಗದ ಎರಡೂ ತುದಿ ಹತ್ತಿರ ಬರಲೇಬೇಕು.

ಇದರ ಜೊತೆ ಇನ್ನೊಂದು ಸೇರುತ್ತೆ. ಮಗ್ಗದಲ್ಲಿ ಹಾಸಿನ ಎಳೆಗಳನ್ನ ಬಿಗಿಯಾಗಿ ಎಳೆದು ಕಟ್ಟಿರ್ತಾರೆ. ಆಮೇಲೆ ಬ್ಲೀಚ್, ಬಣ್ಣ, ಪ್ರಿಂಟ್ ಮಾಡೋವಾಗಲೂ ಬಟ್ಟೆಯನ್ನ ಎಳೀತಾನೇ ಇರ್ತಾರೆ. ಗಂಜಿ ಹಾಕಿ, ಇಸ್ತ್ರಿ ಮಾಡಿ ಆ ಎಳೆದ ಸ್ಥಿತಿಯಲ್ಲೇ ಬಟ್ಟೆಯನ್ನ ಹಿಡಿದಿಟ್ಟಿರ್ತಾರೆ. ನೀವು ಮನೆಯಲ್ಲಿ ಮೊದಲ ಸಲ ನೀರಿಗೆ ಹಾಕಿದಾಗ ಗಂಜಿ ಕರಗುತ್ತೆ, ಹಿಡಿತ ಬಿಡುತ್ತೆ, ಬಟ್ಟೆ ತನ್ನ ಸಹಜ ಅಳತೆಗೆ ಬರುತ್ತೆ. ಅದಕ್ಕೇ ಸಾಮಾನ್ಯವಾಗಿ ಬಟ್ಟೆ ಅಡ್ಡಕ್ಕಿಂತ ಉದ್ದದ ಕಡೆ, ಅಂದ್ರೆ ಹಾಸಿನ ಕಡೆ, ಹೆಚ್ಚು ಕುಗ್ಗುತ್ತೆ.

ಎಷ್ಟು ಕುಗ್ಗುತ್ತೆ? ಸಾಮಾನ್ಯ ಪ್ರಿಂಟ್ ಕಾಟನ್ ಶೇಕಡಾ 3ರಿಂದ 5. ಕೋರಾ ಬಟ್ಟೆ, ಸಡಿಲ ನೇಯ್ಗೆಯ ಕೈಮಗ್ಗದ ಬಟ್ಟೆ ಇನ್ನೂ ಹೆಚ್ಚು, ಶೇಕಡಾ 10ರ ತನಕವೂ ಹೋಗಬಹುದು. ಪಾಲಿಯೆಸ್ಟರ್ ಮನೆ ಒಗೆತದಲ್ಲಿ ಹೆಚ್ಚುಕಡಿಮೆ ಕುಗ್ಗಲ್ಲ. ನಮ್ಮ ಫಾರ್ಮಲ್ ಶರ್ಟುಗಳು ಯಾಕೆ ಕುಗ್ಗಲ್ಲ ಅಂದ್ರೆ, ಅವನ್ನ ಕಾರ್ಖಾನೆಯಲ್ಲೇ ಮೊದಲೇ ಕುಗ್ಗಿಸಿರ್ತಾರೆ. ಸ್ಯಾನ್‌ಫರೈಸ್ ಅನ್ನೋ ಹೆಸರು ಕೇಳಿರ್ತೀರಿ. 1930ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ ಪೇಟೆಂಟ್ ಪಡೆದ ವಿಧಾನ, ಅವರ ಹೆಸರಿನಿಂದಲೇ ಆ ಪದ ಬಂತು. ಒದ್ದೆ ಬಟ್ಟೆಯನ್ನ ಬಿಸಿ ಮಾಡಿ, ರಬ್ಬರ್ ಪಟ್ಟಿ ಒತ್ತಿ, ಯಂತ್ರವೇ ಬಟ್ಟೆಯನ್ನ ಉದ್ದದಲ್ಲಿ ಒತ್ತಿಕೂಡಿಸುತ್ತೆ. ಮೀಟರ್ ಲೆಕ್ಕದಲ್ಲಿ ಮಾರೋ ಅಗ್ಗದ ಕಾಟನ್‌ಗೆ ಇದು ಆಗಿರುತ್ತೆ ಅಂತ ನಂಬಿ ಕೂರೋ ಹಾಗಿಲ್ಲ.

ಕುಗ್ಗೋದು ತಪ್ಪಲ್ಲ, ಬೇರೆ ಬೇರೆ ಕುಗ್ಗೋದು ತಪ್ಪು

ಇದು ಈ ಮಾತಿನ ತಿರುಳು, ಸ್ವಲ್ಪ ನಿಧಾನವಾಗಿ ಓದಿ.

ಒಂದು ಕೌದಿ 90 ಇಂಚು ಉದ್ದ, 60 ಇಂಚು ಅಗಲ ಇದೆ ಅಂದ್ಕೊಳ್ಳಿ. ಎಲ್ಲಾ ಬಟ್ಟೆನೂ ಒಂದೇ ಥರ ಶೇಕಡಾ 5 ಕುಗ್ಗಿದ್ರೆ ಏನಾಗುತ್ತೆ? 85.5 ಇಂಚು, 57 ಇಂಚು ಆಗುತ್ತೆ. ಕೌದಿ ಸ್ವಲ್ಪ ಚಿಕ್ಕದಾಯ್ತು, ಅಷ್ಟೆ. ಸಾಲು ಹೊಲಿಗೆ ಮೇಲೆ ಸಣ್ಣ ಸಣ್ಣ ನಿರಿಗೆ ಬಂದು ಇನ್ನೂ ಚೆಂದ ಕಾಣುತ್ತೆ. ಯಾರಿಗೂ ತೊಂದರೆ ಇಲ್ಲ.

ಈಗ ನಮ್ಮನೆ ಕೌದಿಗೆ ಬನ್ನಿ. ಒಳಗಿರೋ ಸೀರೆ, ಧೋತರ ಎಲ್ಲ ಇಪ್ಪತ್ತು ಮೂವತ್ತು ವರ್ಷ ಕಲ್ಲಿನ ಮೇಲೆ ಒಗೆಸಿಕೊಂಡವು. ಅವು ಕುಗ್ಗೋದೆಲ್ಲ ಯಾವತ್ತೋ ಕುಗ್ಗಿ ಮುಗಿದಿದೆ. ಇನ್ನು ಒಂದು ದಾರದಷ್ಟೂ ಕುಗ್ಗಲ್ಲ. ಸುತ್ತ ಅಂಚು ಮಾತ್ರ ಹೊಸದು. 90 ಇಂಚಿನ ಅಂಚು ಶೇಕಡಾ 5 ಕುಗ್ಗಿದ್ರೆ ನಾಲ್ಕೂವರೆ ಇಂಚು ಕಮ್ಮಿ. ಒಳಗಿನ 90 ಇಂಚು ಬಟ್ಟೆ 85.5 ಇಂಚಿನ ಚೌಕಟ್ಟಿನಲ್ಲಿ ಕೂರಬೇಕು. ಎಲ್ಲಿ ಹೋಗುತ್ತೆ? ಮೇಲಕ್ಕೆ ಉಬ್ಬುತ್ತೆ. ಸಂಚಿ ಥರ ಆಗಿದ್ದು ಇದಕ್ಕೇ.

ಹೊಸ ತುಂಡು ನಡುವಲ್ಲಿ ಇದ್ರೆ ಇನ್ನೊಂದು ಕಷ್ಟ. 10 ಇಂಚಿನ ಹೊಸ ಚೌಕ ಅರ್ಧ ಇಂಚು ಕುಗ್ಗಿತು ಅಂದ್ರೆ, ಸುತ್ತ ಇರೋ ಹಳೇ ಬಟ್ಟೆಯನ್ನ ಹೊಲಿಗೆ ಸಮೇತ ಒಳಗೆ ಎಳೆಯುತ್ತೆ. ಹೊಸದು ಗಟ್ಟಿ, ಹಳೇದು ಜೂಲು. ಹರಿಯೋದು ಯಾವುದು? ಹಳೇದೇ. ಅಂದ್ರೆ ನೀವು ಉಳಿಸಬೇಕು ಅಂತ ಕೌದಿಗೆ ಸೇರಿಸಿದ ಅಪ್ಪನ ಧೋತರವೇ ಮೊದಲು ಹರಿಯುತ್ತೆ.

ಅವ್ವ ಇಳಕಲ್ ಸೀರೆ ಬಳಸೋವಾಗ ಸೆರಗನ್ನ ಕತ್ತರಿಸಿ ಬೇರೆ ಇಡ್ತಾಳೆ. ಚಿಕ್ಕವನಿದ್ದಾಗ ಅದು ಚೆಂದಕ್ಕೆ ಅಂತ ತಿಳ್ಕೊಂಡಿದ್ದೆ. ಆದರೆ ಇಳಕಲ್ ಸೀರೆಯ ಒಡಲು ಸಾಮಾನ್ಯವಾಗಿ ಹತ್ತಿ, ಕೆಂಪು ಸೆರಗು ರೇಷ್ಮೆ ಅಥವಾ ಆರ್ಟ್ ಸಿಲ್ಕ್. ಎರಡರ ಹಾಸನ್ನೂ ಕೊಂಡಿ ಹಾಕಿ ಜೋಡಿಸಿರ್ತಾರೆ, ಅದೇ ಇಳಕಲ್ಲಿನ ಹೆಗ್ಗುರುತು. ಎರಡು ನೂಲು, ಎರಡು ಸ್ವಭಾವ. ಒಂದೇ ಪದರದಲ್ಲಿ ಇಟ್ರೆ ಎಳೆದಾಟ. ಅವ್ವ ಶೇಕಡಾವಾರು ಲೆಕ್ಕ ಹಾಕಿಲ್ಲ, ಆದ್ರೆ ಉತ್ತರ ಸರಿಯಾಗೇ ಇದೆ.

ಬಣ್ಣ ಯಾಕೆ ಬಿಡುತ್ತೆ

ಬಣ್ಣ ಬಟ್ಟೆಗೆ ಹೇಗೆ ಅಂಟಿಕೊಂಡಿದೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಹತ್ತಿಗೆ ಇವತ್ತು ಹೆಚ್ಚು ಬಳಸೋದು ರಿಯಾಕ್ಟಿವ್ ಬಣ್ಣ. 1956ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿ ಪ್ರೊಸಿಯಾನ್ ಅನ್ನೋ ಹೆಸರಲ್ಲಿ ಇದನ್ನ ಮೊದಲು ಮಾರುಕಟ್ಟೆಗೆ ತಂತು. ಇದು ಹತ್ತಿಯ ಸೆಲ್ಯುಲೋಸ್ ಜೊತೆ ರಾಸಾಯನಿಕ ಬಂಧ ಕಟ್ಟಿಕೊಳ್ಳುತ್ತೆ. ಒಮ್ಮೆ ಕಟ್ಟಿಕೊಂಡ್ರೆ ಮನೆ ಒಗೆತಕ್ಕೆ ಬಿಡಲ್ಲ.

ಹಾಗಾದ್ರೆ ನೀರು ಕೆಂಪಾಗಿದ್ದು ಯಾಕೆ? ಬಣ್ಣದ ತೊಟ್ಟಿಯಲ್ಲಿ ಹಾಕಿದ ಬಣ್ಣ ಎಲ್ಲವೂ ಬಂಧ ಕಟ್ಟಿಕೊಳ್ಳಲ್ಲ. ಒಂದಷ್ಟು ನೀರಿನ ಜೊತೆಗೇ ಪ್ರತಿಕ್ರಿಯೆ ನಡೆಸಿ, ಸುಮ್ಮನೆ ಎಳೆಗಳ ಮಧ್ಯೆ ಕೂತಿರುತ್ತೆ. ಕಾರ್ಖಾನೆಯಲ್ಲಿ ಅದನ್ನ ಕುದಿಯೋ ನೀರು, ಸೋಪು ಹಾಕಿ ಹಲವು ಸಲ ತೊಳೆದು ತೆಗೀಬೇಕು. ನೀರು, ಉರುವಲು, ಸಮಯ ಎಲ್ಲಾ ಖರ್ಚು. ಅಲ್ಲಿ ಉಳಿತಾಯ ಮಾಡಿದ್ರೆ ಆ ಕೆಲಸ ನಿಮ್ಮ ಮನೆ ಬಕೆಟ್‌ಗೆ ಬರುತ್ತೆ. ಕೆಂಪು, ಮರೂನ್, ಕಡುನೀಲಿ, ಕಪ್ಪು ಬಟ್ಟೆಗೆ ಬಣ್ಣ ಹೆಚ್ಚು ಹಾಕಿರ್ತಾರೆ, ಹಾಗಾಗಿ ಅವೇ ಹೆಚ್ಚು ಬಿಡೋದು.

ಇನ್ನೊಂದು ಜಾತಿ ಇದೆ, ಡೈರೆಕ್ಟ್ ಬಣ್ಣ. ಅಗ್ಗ. ಇದು ಬಂಧ ಕಟ್ಟಲ್ಲ, ಹತ್ತಿ ಎಳೆಗೆ ಬರೀ ಒಲವಿನಿಂದ ಅಂಟಿಕೊಂಡಿರುತ್ತೆ. ಪ್ರತಿ ಒಗೆತಕ್ಕೂ ಸ್ವಲ್ಪ ಸ್ವಲ್ಪ ಬಿಡ್ತಾನೇ ಹೋಗುತ್ತೆ.

ಈ ಎರಡರ ವ್ಯತ್ಯಾಸ ನಮಗೆ ಬಹಳ ಮುಖ್ಯ. ಮೊದಲನೆಯದಕ್ಕೆ ಚೆನ್ನಾಗಿ ತೊಳೆಯೋದೇ ಮದ್ದು. ಸಡಿಲ ಬಣ್ಣ ಹೋದಮೇಲೆ ಸಮಸ್ಯೆ ಮುಗೀತು. ಎರಡನೆಯದಕ್ಕೆ ತೊಳೆದು ಪ್ರಯೋಜನ ಇಲ್ಲ. ಅಂಥ ಬಟ್ಟೆಯನ್ನ ಕೌದಿಗೆ ಹಾಕಲೇಬಾರದು.

ಉಪ್ಪು, ವಿನೆಗರ್, ಪಟಕ

ಈ ಮೂರೂ ಬಣ್ಣ "ಕೂರಿಸ್ತವೆ" ಅನ್ನೋದು ಎಲ್ಲರ ಬಾಯಲ್ಲೂ ಇದೆ. ಪೂರಾ ಸುಳ್ಳಲ್ಲ, ಆದ್ರೆ ಜಾಗ ತಪ್ಪಿದೆ.

ಬಣ್ಣ ಹಾಕೋ ಸಮಯದಲ್ಲಿ ಉಪ್ಪು ಬೇಕು ನಿಜ. ತೊಟ್ಟಿಯ ನೀರಿನಲ್ಲಿರೋ ಬಣ್ಣವನ್ನ ಅದು ಬಟ್ಟೆ ಕಡೆಗೆ ತಳ್ಳುತ್ತೆ. ಬಂಧ ಕಟ್ಟಿಸೋದು ಉಪ್ಪಲ್ಲ, ಸೋಡಾದಂಥ ಕ್ಷಾರ. ನಾವು ಆಮೇಲೆ ಮನೆಯಲ್ಲಿ ಉಪ್ಪು ನೀರಲ್ಲಿ ಅದ್ದಿದ್ರೆ ಏನಾಗುತ್ತೆ? ಸಡಿಲ ಬಣ್ಣವನ್ನ ಬಟ್ಟೆಯಿಂದ ಹೊರಗೆ ಬಾರದ ಹಾಗೆ ತಡೆಯುತ್ತೆ, ಅದೂ ಆ ಬಕೆಟ್‌ನಲ್ಲಿ ಮಾತ್ರ. ಮುಂದಿನ ಸಲ ಉಪ್ಪಿಲ್ಲದ ನೀರಿಗೆ ಹೋದಾಗ ಬಣ್ಣ ಹೊರಗೆ ಬರುತ್ತೆ. ಅಂದ್ರೆ ನಾನು ತೆಗೀಬೇಕಾದ ಬಣ್ಣವನ್ನ ಉಪ್ಪು ಹಾಕಿ ಒಳಗೇ ಉಳಿಸಿಕೊಂಡೆ. ಎರರ್ ಮೆಸೇಜ್ ಬಾರದ ಹಾಗೆ ಮಾಡಿದ್ದೆ, ಬಗ್ ಅಲ್ಲೇ ಇತ್ತು.

ವಿನೆಗರ್ ಉಪಯೋಗ ಆಗೋದು ರೇಷ್ಮೆ, ಉಣ್ಣೆಗೆ ಹಾಕೋ ಆಸಿಡ್ ಬಣ್ಣಗಳ ಜೊತೆ. ಹತ್ತಿಯ ರಿಯಾಕ್ಟಿವ್ ಬಣ್ಣಕ್ಕೆ ಅದರಿಂದ ಲಾಭ ಇಲ್ಲ. ಪಟಕ ನೈಸರ್ಗಿಕ ಬಣ್ಣಗಳಿಗೆ ಹಿಡಿತ ಕೊಡೋಕೆ, ಬಣ್ಣ ಹಾಕೋ ಮುಂಚೆ ಬಳಸೋ ವಸ್ತು. ಅಂಗಡಿಯ ಪ್ರಿಂಟ್ ಬಟ್ಟೆಗೆ ಅದೂ ಬೇಡ.

ಅಮೆರಿಕದವರು ತೊಳೆಯೋದು ಬೇಡ ಅಂತಾರಲ್ಲ?

ನಾನೂ ಅದನ್ನೇ ಹಿಡ್ಕೊಂಡಿದ್ದೆ. ಅಲ್ಲಿ ಕ್ವಿಲ್ಟ್ ಹೊಲಿಯೋರಲ್ಲಿ ಎರಡು ಪಂಗಡ. ತೊಳೆಯದವರ ವಾದ ಹೀಗಿದೆ: ಗಂಜಿ ಇರೋ ಹೊಸ ಬಟ್ಟೆ ಗರಿಗರಿಯಾಗಿ ಇರುತ್ತೆ, ಕಾಲಿಂಚಿನ ಲೆಕ್ಕದಲ್ಲಿ ಕತ್ತರಿಸೋಕೆ ಸುಲಭ. ತೊಳೆದ್ರೆ ಮೆತ್ತಗಾಗಿ ಜಾರುತ್ತೆ, ತುದಿ ಎಳೆ ಬಿಚ್ಚುತ್ತೆ. ಚಿಕ್ಕ ಚಿಕ್ಕದಾಗಿ ಮೊದಲೇ ಕತ್ತರಿಸಿ ಮಾರೋ ತುಂಡುಗಳನ್ನಂತೂ ತೊಳೆಯೋಕೇ ಆಗಲ್ಲ. ಹೊಲಿದು ಆದಮೇಲೆ ಕುಗ್ಗಿದ್ರೆ ಬರೋ ಸುಕ್ಕೇ ಚೆಂದ.

ವಾದ ಸರಿಯಾಗಿದೆ, ಅವರ ಕ್ವಿಲ್ಟ್‌ಗೆ. ಅಲ್ಲಿ ಮೇಲಿನ ಬಟ್ಟೆ, ಕೆಳಗಿನ ಬಟ್ಟೆ, ನಡುವಿನ ಹತ್ತಿ ಹಾಸು ಎಲ್ಲಾ ಹೊಸದು. ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕುಗ್ತವೆ. ನಮ್ಮ ಕೌದಿ ಹಳೇದರ ಜೊತೆ ಹೊಸದು ಸೇರೋ ವಸ್ತು. ಅವರ ಉತ್ತರವನ್ನ ಹಾಗೇ ಕಾಪಿ ಪೇಸ್ಟ್ ಮಾಡಿದ್ರೆ ನನ್ನ ಕಥೆನೇ ನಿಮ್ಮದೂ ಆಗುತ್ತೆ.

ಹಾಗಾದ್ರೆ ನಮ್ಮ ಅಜ್ಜಿಯರು ಮೊದಲೇ ತೊಳೀತಿದ್ರಾ ಅಂತ ಕೇಳಿದ್ರೆ, ಅವರ ಬಟ್ಟೆ ವರ್ಷಗಟ್ಟಲೆ ತೊಳೆದೇ ಕೌದಿಗೆ ಬರ್ತಿತ್ತು. ಸೀರೆ ಉಟ್ಟು, ಒಗೆದು, ಮಾಸಿ, ಮೆತ್ತಗಾದ ಮೇಲೇ ಅದರ ಸರದಿ. ಈ ಪ್ರಶ್ನೆ ಹುಟ್ಟಿರೋದು ನಮ್ಮ ಕಾಲದಲ್ಲಿ. ಅವ್ವ ಈ ಇಪ್ಪತ್ತು ವರ್ಷ ಉಟ್ಟಿದ್ದರಲ್ಲಿ ಹೆಚ್ಚಿನವು ಸಿಂಥೆಟಿಕ್ ಸೀರೆ. ನಮ್ಮ ಕಪಾಟಿನಲ್ಲಿ ಇರೋದು ಟೀ ಶರ್ಟು, ಜೀನ್ಸು. ಕೌದಿಗೆ ಬೇಕಾದ ಹಳೇ ಹತ್ತಿ ಬಟ್ಟೆ ಮನೆಗಳಲ್ಲಿ ಮುಗೀತಾ ಬಂದಿದೆ. ಅದಕ್ಕೇ ಹೊಸ ಬಟ್ಟೆ ಕೊಳ್ತಿದ್ದೀವಿ, ಅದಕ್ಕೇ ಈ ತಲೆನೋವು.

ಮೂರು ಪರೀಕ್ಷೆ

ಬಟ್ಟೆ ತಂದ ದಿನವೇ ಇವನ್ನ ಮಾಡಿ. ಅರ್ಧ ಗಂಟೆ ಕೆಲಸ.

ಒಂದು, ಇಸ್ತ್ರಿ ಪರೀಕ್ಷೆ. ಬಟ್ಟೆಯ ಮೂಲೆ ಒದ್ದೆ ಮಾಡಿ, ಮೇಲೆ ಬಿಳಿ ಕರ್ಚೀಫ್ ಇಟ್ಟು ಬಿಸಿ ಇಸ್ತ್ರಿ ಒತ್ತಿ. ಕರ್ಚೀಫ್‌ಗೆ ಬಣ್ಣ ಬಂತಾ ನೋಡಿ.

ಎರಡು, ಗ್ಲಾಸ್ ಪರೀಕ್ಷೆ. ಎರಡಿಂಚಿನ ತುಂಡು ಕತ್ತರಿಸಿ, ಗ್ಲಾಸಿನಲ್ಲಿ ಬಿಸಿ ನೀರು, ಒಂದು ಹನಿ ಡಿಟರ್ಜೆಂಟ್ ಹಾಕಿ, ಜೊತೆಗೆ ಬಿಳಿ ಹತ್ತಿ ಬಟ್ಟೆಯ ಚೂರೂ ಹಾಕಿ ಅರ್ಧ ಗಂಟೆ ಬಿಡಿ. ನೀರು ಕೆಂಪಾದ್ರೆ ಚಿಂತೆ ಇಲ್ಲ. ಬಿಳಿ ಚೂರು ಕೆಂಪಾಯ್ತಾ ಅನ್ನೋದು ಪ್ರಶ್ನೆ.

ಮೂರು, ಅಳತೆ ಪರೀಕ್ಷೆ. ಬಟ್ಟೆಯ ಮೇಲೆ ಅಂಚಿಗೆ ಸಮಾನಾಂತರವಾಗಿ 20 ಸೆಂಟಿಮೀಟರ್ ಚೌಕ ಗುರುತು ಹಾಕಿ. ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಮತ್ತೆ ಅಳೆಯಿರಿ. 19 ಬಂದ್ರೆ ಶೇಕಡಾ 5. ಉದ್ದ ಅಡ್ಡ ಎರಡೂ ಅಳೆಯಿರಿ, ಬೇರೆ ಬೇರೆ ಬರುತ್ತೆ.

ತೊಳೆಯೋ ಕ್ರಮ

ಅದ್ದೋದು ಬೇರೆ, ಒಗೆಯೋದು ಬೇರೆ ಅಂದೆನಲ್ಲ. ಕೌದಿಯನ್ನ ಮುಂದೆ ಹೇಗೆ ಒಗೀತೀರೋ, ಹೊಸ ಬಟ್ಟೆಯನ್ನ ಈಗಲೇ ಅದಕ್ಕಿಂತ ಒಂದು ಕೈ ಹೆಚ್ಚೇ ಒಗೀಬೇಕು. ಕೌದಿ 40 ಡಿಗ್ರಿಗೆ ಹೋಗೋದಾದ್ರೆ, ಬಟ್ಟೆಯನ್ನ 60ಕ್ಕೆ ಹಾಕಿ. ಬಣ್ಣ ಬಣ್ಣ ಬೇರೆ ಮಾಡಿ. ಎಳೆ ಬಿಚ್ಚದಂತೆ ನಾಲ್ಕು ಮೂಲೆ ಸ್ವಲ್ಪ ಓರೆಯಾಗಿ ಕತ್ತರಿಸಿ, ಇಲ್ಲಾ ತುದಿಗೆ ಜಿಗ್‌ಜಾಗ್ ಹೊಲಿಗೆ ಹಾಕಿ. ಮೂರು ಸಲ ಒಗೆದಮೇಲೆ ಗ್ಲಾಸ್ ಪರೀಕ್ಷೆ ಮತ್ತೆ ಮಾಡಿ. ಆಗಲೂ ಬಿಳಿ ಚೂರಿಗೆ ಬಣ್ಣ ಬಂದ್ರೆ ಆ ಬಟ್ಟೆಗೆ ನಮಸ್ಕಾರ ಹೇಳಿ. ಚೀಲ ಹೊಲಿದುಕೊಳ್ಳಿ, ಕೌದಿಗೆ ಬೇಡ.

ತೊಳೆದು ಮೆತ್ತಗಾದ ಬಟ್ಟೆ ಕತ್ತರಿಸೋಕೆ ಕಷ್ಟ ಅಂದ್ರೆ, ಅನ್ನದ ಗಂಜಿ ತೆಳ್ಳಗೆ ಹಾಕಿ ಇಸ್ತ್ರಿ ಮಾಡಿ. ಅಮೆರಿಕದವರ ಮೊದಲ ಆಕ್ಷೇಪಣೆ ಅಲ್ಲಿಗೆ ಮುಗೀತು. ನಮ್ಮ ಕಡೆ ಮಳೆಗಾಲದಲ್ಲಿ ಮಾತ್ರ ಗಂಜಿ ಬಟ್ಟೆಯನ್ನ ಬಹಳ ದಿನ ಮಡಚಿ ಇಡಬೇಡಿ. ಖಾಡಿ ಪಕ್ಕದ ಊರು, ಜುಲೈ ಆಗಸ್ಟ್‌ನಲ್ಲಿ ಕಪಾಟೊಳಗೆ ಬೂಷ್ಟು ಬರೋಕೆ ಒಂದು ವಾರ ಸಾಕು.

ಮರೆಯೋದು ಮೂರು ವಸ್ತು: ಅಂಚಿನ ಪಟ್ಟಿ, ಹಿಂಬದಿಯ ಬಟ್ಟೆ, ದಾರ. ಮೇಲಿನ ತುಂಡು ಎಲ್ಲ ತೊಳೆದು ಅಂಚಿಗೆ ಕೊನೇ ಗಳಿಗೆಯಲ್ಲಿ ಹೊಸ ಪಟ್ಟಿ ಹಾಕಿಬಿಡ್ತೀವಿ. ಕೆಂಪು, ಕಪ್ಪು ದಾರವನ್ನೂ ಗ್ಲಾಸ್‌ನಲ್ಲಿ ಹಾಕಿ ನೋಡಿ.

ಮಗುವಿನ ಕೌದಿ ಆದ್ರೆ ಕುಗ್ಗದಿದ್ರೂ, ಬಣ್ಣ ಬಿಡದಿದ್ರೂ ಒಮ್ಮೆ ತೊಳೆಯಲೇಬೇಕು. ಸುಕ್ಕು ಬೀಳದಂತೆ ಬಟ್ಟೆಗೆ ಹಾಕೋ ಕೆಲವು ರಾಳಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತೆ. ಎಳೇ ಚರ್ಮಕ್ಕೆ ಅದು ತಾಗಬಾರದು.

ತೊಳೆಯದೇ ಇದ್ರೂ ನಡೆಯೋದು ಯಾವಾಗ? ಎಲ್ಲಾ ಹಳೇ ಬಟ್ಟೆ ಆಗಿದ್ರೆ. ಗೋಡೆಗೆ ತೂಗುಹಾಕೋಕೆ ಮಾತ್ರ ಆಗಿದ್ರೆ. ಎಲ್ಲಾ ಒಂದೇ ಥಾನಿನ ಹೊಸ ಬಟ್ಟೆ ಆಗಿ, ಬಣ್ಣ ಪರೀಕ್ಷೆ ಪಾಸಾಗಿದ್ರೆ. ಇಷ್ಟೇ.

ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಮೊದಲೇ ತೊಳೆಯೋದು ಯೂನಿಟ್ ಟೆಸ್ಟ್. ಹೊಲಿದಮೇಲೆ ತೊಳೆದು ನೋಡೋದು ನೇರ ಪ್ರೊಡಕ್ಷನ್‌ನಲ್ಲಿ ಟೆಸ್ಟ್ ಮಾಡಿದಂಗೆ. ಇಲ್ಲಿ ರೋಲ್‌ಬ್ಯಾಕ್ ಅಂದ್ರೆ ವಯಸ್ಸಾದ ತಾಯಿ ಕೂತು ಒಂದೊಂದೇ ಹೊಲಿಗೆ ಬಿಚ್ಚೋದು.

ಬಣ್ಣ ಹತ್ತಿದ ಮೇಲೆ ಏನು ಮಾಡಬೇಕು

ಮೊದಲನೆಯದು, ಒಣಗಿಸಬೇಡಿ, ಇಸ್ತ್ರಿ ಅಂತೂ ಮುಟ್ಟಿಸಲೇಬೇಡಿ. ಎರಡನೆಯದು, ಒದ್ದೆ ಬಟ್ಟೆಯನ್ನ ಮುದ್ದೆಯಾಗಿ ಬಿಡಬೇಡಿ. ನಮ್ಮನೆಯಲ್ಲಿ ದೊಡ್ಡ ನಷ್ಟ ಆಗಿದ್ದು ಮಷಿನ್ ತಿರುಗೋವಾಗ ಅಲ್ಲ, ಆಮೇಲೆ ಆ ಐದು ಗಂಟೆಯಲ್ಲಿ. ನೀರು ಹೆಚ್ಚಿದ್ರೆ ಬಣ್ಣ ನೀರಲ್ಲಿ ತೇಲುತ್ತೆ. ನೀರು ಕಮ್ಮಿ ಇದ್ದು ಬಟ್ಟೆಗೆ ಬಟ್ಟೆ ಒತ್ತಿಕೊಂಡಿದ್ರೆ, ಕೆಂಪಿನಿಂದ ಬಿಳಿಗೆ ನೇರ ದಾಟುತ್ತೆ.

ಮದ್ದು ಏನಂದ್ರೆ ಬಹಳ ನೀರು, ಬಹಳ ಬಿಸಿ, ಸಾಕಷ್ಟು ಡಿಟರ್ಜೆಂಟ್, ದೀರ್ಘ ಸಮಯ. ಬಿಸಿಯಲ್ಲಿ ಸಡಿಲ ಬಣ್ಣ ಎಳೆಯನ್ನ ಬಿಟ್ಟು ನೀರಿಗೆ ಬರುತ್ತೆ. ಡಿಟರ್ಜೆಂಟ್ ಅದನ್ನ ನೀರಲ್ಲೇ ಹಿಡಿದಿಟ್ಟು ಮತ್ತೆ ಬಟ್ಟೆ ಮೇಲೆ ಕೂರದಂತೆ ನೋಡಿಕೊಳ್ಳುತ್ತೆ. ನಮ್ಮ ಫ್ಲ್ಯಾಟ್‌ನಲ್ಲಿ ಬಾತ್‌ಟಬ್ ಎಲ್ಲಿಂದ ಬರಬೇಕು! ನೀರು ಬಾರದ ದಿನಕ್ಕೆ ಅಂತ ತುಂಬಿಡೋ ದೊಡ್ಡ ಡ್ರಮ್ ಇದೆಯಲ್ಲ, ಅದಕ್ಕೇ ಗೀಸರ್ ನೀರು ತುಂಬಿಸಿ, ಕೌದಿ ಪೂರ್ತಿ ಮುಳುಗಿಸಿ ಹನ್ನೆರಡು ಗಂಟೆ ಬಿಟ್ವಿ. ನೀರು ಕೆಂಪು. ಚೆಲ್ಲಿ ಮತ್ತೆ ತುಂಬಿಸಿದ್ವಿ. ಮೂರನೇ ಸಲಕ್ಕೆ ನೀರು ತಿಳಿ ಆಯ್ತು. ಬ್ಲೀಚ್ ಹಾಕಲಿಲ್ಲ, ನೀವೂ ಹಾಕಬೇಡಿ, ಹಳೇ ನೂಲು ತಡೆಯಲ್ಲ. ಒಣಗಿಸೋವಾಗ ಒಂದೇ ಹಗ್ಗಕ್ಕೆ ಜೋತುಹಾಕಿದ್ರೆ ನೀರಿನ ಭಾರಕ್ಕೆ ಹೊಲಿಗೆ ಎಳೆಯುತ್ತೆ. ಎರಡು ಮೂರು ಹಗ್ಗದ ಮೇಲೆ ಅಡ್ಡಡ್ಡ ಹರಡಿ.

ಗುಲಾಬಿ ಹೆಚ್ಚಿನಂಶ ಹೋಯ್ತು. ಒಂದು ಮೂಲೆಯಲ್ಲಿ ಅಂಗೈ ಅಗಲದ ಕಲೆ ಮಾತ್ರ ಉಳೀತು. ಕುಗ್ಗಿದ ಅಂಚಿಗೆ ಮದ್ದು ಇರಲಿಲ್ಲ. ಬಿಚ್ಚಬೇಕಾಯ್ತು.

ಅವತ್ತು ರಾತ್ರಿ ಅವ್ವಗೆ ಹೇಳಿದೆ, ನಾನು ಒಗೆದಿರಲಿಲ್ಲ, ಬರೀ ಉಪ್ಪು ನೀರಲ್ಲಿ ಅದ್ದಿದ್ದೆ ಅಂತ. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಕೌದಿ ಎಳ್ಕೊಂಡು ಆ ಕಲೆ ಮೇಲೆ ಕೈ ಆಡಿಸಿದ್ಲು.

"ವರ್ಷಾ ಹೋಳಿ ಹುಣ್ಣಿವ್ಯಾಗ ಬಂಡಿ ಹಿಂದ ಓಡ್ಯಾಡಿ ಧೋತರ ಹಿಂಗ ಮಾಡ್ಕೊಂಡ ಬರ್ತಿದ್ದ ನಿಮ್ಮಪ್ಪ. ನಾ ಒಗದು ಒಗದು ಸಾಕಾಗಿದ್ದೆ." ಬಾಗಲಕೋಟೆಯ ಬಣ್ಣದಾಟ ನೋಡಿದವರಿಗೆ ಗೊತ್ತು, ಬಂಡಿ ಮೇಲೆ ಬ್ಯಾರಲ್ ಇಟ್ಕೊಂಡು ಊರೆಲ್ಲ ತಿರುಗ್ತಾರೆ. "ನನಗ ಸುಳ್ಳು ಹೇಳಬ್ಯಾಡಿತ್ತು ನೀ. ಒಗದಿಲ್ಲ ಅಂದಿದ್ರ ನಾನ ಒಗೀತಿದ್ದೆ."

ಮರುದಿನದಿಂದ ನಾಲ್ಕು ದಿನ ಅಂಚು ಬಿಚ್ಚಿದ್ಲು. ನಾನು ಸಂಜೆ ಲಾಗಿನ್ ಮುಗಿಸಿ ಪಕ್ಕ ಕೂತು ಎಳೆ ಆರಿಸ್ತಿದ್ದೆ. ಈ ಸಲ ಬಟ್ಟೆ ನಾನೇ 60 ಡಿಗ್ರಿಗೆ ಮೂರು ಸಲ ಒಗೆದೆ, ಗ್ಲಾಸ್‌ನಲ್ಲಿ ಹಾಕಿ ಬಿಳಿ ಚೂರು ತೆಗೆದು ಅವ್ವಗೆ ತೋರಿಸಿದೆ. ಕನ್ನಡಕ ಹಾಕ್ಕೊಂಡು ಕಿಟಕಿ ಬೆಳಕಿಗೆ ಹಿಡಿದು ನೋಡಿ, "ಹೂಂ, ಈಗ ತಾ" ಅಂದ್ಲು. ಹೊಸ ಅಂಚು ಅವಳು ಎರಡು ಕಡೆ ಹೊಲಿದ್ಲು. ಬೆರಳು ನೋಯ್ತು ಅಂತ ಉಳಿದ ಎರಡು ಕಡೆ ನನ್ನ ಕೈಗೆ ಕೊಟ್ಟಳು. ನನ್ನ ಹೊಲಿಗೆ ಯಾವುದು ಅಂತ ದೂರದಿಂದಲೇ ಗೊತ್ತಾಗುತ್ತೆ.

ಆಮೇಲೆ ಆ ಕೌದಿ ಹನ್ನೆರಡು ಸಲ ಒಗೆತಕ್ಕೆ ಹೋಗಿದೆ. ಅಳತೆ ಹಾಗೇ ಇದೆ, ಬಣ್ಣ ದಾಟಿಲ್ಲ.

ಊರಿಗೆ ಹೋದಾಗ ನಿಮ್ಮನೆ ಟ್ರಂಕಿನಲ್ಲಿ ಹಳೇ ಹತ್ತಿ ಸೀರೆ, ಧೋತರ ಇದ್ದಾವಾ ನೋಡಿ. ಇದ್ರೆ ಪಾತ್ರೆಯವರಿಗೆ ಹಾಕೋ ಮುಂಚೆ ಒಮ್ಮೆ ಕೇಳಿ. ಹೊಲಿಯೋರು ಸಿಕ್ಕರೆ ಅಂಚಿನ ಬಟ್ಟೆ ನೀವು ಒಗೆದು ಕೊಡಿ. ಮುಂದಿನ ಮಾತು ದಾರದ ಬಗ್ಗೆ: ಪಾಲಿಯೆಸ್ಟರ್ ದಾರ ಹಳೇ ಹತ್ತಿಯನ್ನ ಕೊಯ್ಯುತ್ತೆ ಅಂತಾರಲ್ಲ, ಅದು ನಿಜವಾ? ಬರ್ತೀನಿ, ನಮಸ್ಕಾರ.